ಕಿಂಡಿಯಲ್ಲಿ ಹಾಯುವ ಎಳೆ

ಒಬ್ಬರಿಗೆ ಕ್ಷಯವಿದೆಯೆಂದು ಗೊತ್ತಾದ ಮೇಲೆ ವೈದ್ಯರ ಮುಂದೆ ಎರಡನೆಯ ಪ್ರಶ್ನೆಯೊಂದು ನಿಲ್ಲುತ್ತದೆ. ಅವರ ಎದೆಯಲ್ಲಿ ಮನೆ ಮಾಡಿರುವ ಕ್ರಿಮಿಗೆ ಯಾವ ಔಷಧ ನಾಟುತ್ತದೆ, ಯಾವುದು ನಾಟುವುದಿಲ್ಲ? ಇದನ್ನು ತಿಳಿಯುವ ಹಳೆಯ ಕ್ರಮವೆಂದರೆ ಕಫದಲ್ಲಿರುವ ಕ್ರಿಮಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಒಂದೊಂದೇ ಔಷಧವನ್ನು ಅದಕ್ಕೆ ಒಡ್ಡಿ ನೋಡುವುದು. ಈ ಕ್ರಿಮಿಯಾದರೋ ಬಹಳ ಸಾವಕಾಶದ್ದು. ಒಂದು ಎರಡಾಗುವುದಕ್ಕೆ ಹೆಚ್ಚುಕಡಮೆ ಒಂದು ಹಗಲು ರಾತ್ರಿ ಬೇಕು. ಆದುದರಿಂದ ಉತ್ತರ ಬರಲು ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ರೋಗಿ ನಾಟದ ಮಾತ್ರೆಯನ್ನೇ ನುಂಗುತ್ತಿರಬಹುದು. ಅದೇ ಕೋಣೆಯಲ್ಲಿ ಮಲಗುವ ಮೂವರು ನಾಲ್ವರಿಗೆ ರೋಗ ದಾಟುತ್ತಿರಬಹುದು. ಊರು ಬಿಟ್ಟು ಬಂದು ಒಂದೇ ಕೋಣೆಯನ್ನು ಹಂಚಿಕೊಂಡು ಬಾಳುವ ನಮ್ಮಂಥವರಿಗೆ ಇದು ದೂರದ ಮಾತಲ್ಲ.

ಕ್ರಿಮಿಯನ್ನು ಬೆಳೆಸದೆ, ಅದರ ಒಳಗಿರುವ ಡಿ.ಎನ್.ಎ. ಎಂಬ ಎಳೆಯನ್ನೇ ಓದಿಬಿಟ್ಟರೆ ಉತ್ತರ ಬೇಗ ಸಿಕ್ಕುತ್ತದೆ. ರಿಫಾಂಪಿಸಿನ್ ಎಂಬ ಒಂದು ಮುಖ್ಯ ಔಷಧದ ಮಟ್ಟಿಗೆ ಕೆಲವೇ ಗಂಟೆಗಳಲ್ಲಿ ಉತ್ತರ ಕೊಡುವ ಯಂತ್ರಗಳು ಈಗಾಗಲೇ ಬಳಕೆಯಲ್ಲಿವೆ. ಅವುಗಳಲ್ಲೊಂದಾದ ಟ್ರೂನ್ಯಾಟ್ ಎಂಬುದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು ಎಂಬುದು ನಮಗೆ ಸಂತೋಷದ ವಿಷಯ. ಆದರೆ ಎಲ್ಲ ಔಷಧಗಳ ವಿಚಾರವನ್ನೂ ಒಟ್ಟಿಗೆ ತಿಳಿಯಬೇಕಾದರೆ ಎಳೆಯನ್ನು ಉದ್ದಕ್ಕೂ ಓದಬೇಕು. ಹಾಗೆ ಓದುವ ಮಾರ್ಗಗಳಲ್ಲಿ ಒಂದು ವಿಚಿತ್ರವಾದ ಮಾರ್ಗವುಂಟು: ಅತಿ ಸಣ್ಣ ಕಿಂಡಿಯೊಂದನ್ನು ಮಾಡಿ, ಎಳೆಯನ್ನು ಅದರಲ್ಲಿ ಹಾಯಿಸಿ, ಹಾಯುವಾಗ ಏನಾಗುತ್ತದೆಂದು ಅಳೆಯುವುದು. ಈ ಸಂಚಿಕೆಯಲ್ಲಿ ಅದರ ವಿಚಾರವನ್ನು ನಮಗೆ ತಿಳಿದಷ್ಟು ಬಿಡಿಸಿ ಹೇಳುತ್ತೇವೆ.

ಮೊದಲು ಎಳೆಯ ಸಂಗತಿ. ಡಿ.ಎನ್.ಎ. ಎಂಬುದು ಎರಡು ಪುರಿ ಸೇರಿ ಹೊಸೆದ ಹುರಿಯಂತಿದೆ. ಅದರ ಉದ್ದಕ್ಕೂ ಎ, ಟಿ, ಜಿ, ಸಿ ಎಂದು ಕರೆಯುವ ನಾಲ್ಕು ಬಗೆಯ ಘಟಕಗಳು ಸಾಲಾಗಿ ಕೂತಿವೆ. ನಾಲ್ಕೇ ಅಕ್ಷರಗಳ ಬರಹವೆನ್ನಬಹುದು. ಕ್ಷಯದ ಕ್ರಿಮಿಯ ಬರಹದಲ್ಲಿ ಸುಮಾರು 44 ಲಕ್ಷ ಅಕ್ಷರಗಳಿವೆ. ಮನುಷ್ಯನದರಲ್ಲಿ 300 ಕೋಟಿಗೂ ಮಿಗಿಲು. ರಿಫಾಂಪಿಸಿನ್ ನಾಟದಂತಾಗಲು ಈ 44 ಲಕ್ಷದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಾಕು. ಒಂದು ಗೊತ್ತಾದ ಜಾಗದಲ್ಲಿ ಟಿಸಿಜಿ ಎಂದಿರಬೇಕಾದ್ದು ಟಿಟಿಜಿ ಎಂದಾದರೆ ಔಷಧ ಹಿಡಿತ ತಪ್ಪುತ್ತದೆ. ಜಮಾಖರ್ಚಿನ ಪುಸ್ತಕದಲ್ಲಿ ಒಂದು ಅಂಕಿ ತಪ್ಪಿದರೆ ಏನಾಗುತ್ತದೆಂಬುದನ್ನು ಗುಮಾಸ್ತರಿಗೆ ನಾವು ಬೇರೆ ಹೇಳಬೇಕಾಗಿಲ್ಲ.

ಹುರಿಯ ದಪ್ಪ 2 ನ್ಯಾನೊಮೀಟರ್. ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಋಷಿಕೊಂಡದ ದಂಡೆಯಿಂದ ಅರ್ಧ ಮಿಲಿಮೀಟರಿನ ಮರಳಿನ ಕಣವೊಂದನ್ನು ಬೆರಳ ತುದಿಗೆ ತೆಗೆದುಕೊಂಡರೆ, ಅದರ ಅಡ್ಡಳತೆಯಲ್ಲಿ ಇಂಥ ಎರಡೂವರೆ ಲಕ್ಷ ಹುರಿಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಬಹುದು. ದಪ್ಪ ಇಷ್ಟಾದರೂ ಉದ್ದ ಮಾತ್ರ ಕಡಮೆಯದಲ್ಲ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವುದು ಲ್ಯಾಂಬ್ಡಾ ಎಂಬ ವೈರಸ್ಸಿನ ಡಿ.ಎನ್.ಎ.; ಅದರಲ್ಲಿ 48,502 ಜೋಡಿ ಅಕ್ಷರಗಳಿವೆ. ಇದೆಲ್ಲವನ್ನೂ ಐದು ಲಕ್ಷ ಪಟ್ಟು ಹಿಗ್ಗಿಸಿ ನೋಡೋಣ. ಹುರಿ 1 ಮಿಲಿಮೀಟರ್ ದಪ್ಪವಾಗುತ್ತದೆ, ಉದ್ದ 8 ಮೀಟರಿಗೂ ಸ್ವಲ್ಪ ಹೆಚ್ಚು. ನೀರಿನಲ್ಲಿ ಅದು ನೆಟ್ಟಗೆ ಇರುವುದಿಲ್ಲ. ಮೊಳಕ್ಕೂ ಮಿಕ್ಕ ಅಗಲದ ಸಡಿಲವಾದ ಗೋಜಲಾಗಿ ತೇಲುತ್ತಿರುತ್ತದೆ. ಅದನ್ನು ಹಾಯಿಸಬೇಕಾದ ಕಿಂಡಿ, ಒಂದು ಸೆಂಟಿಮೀಟರ್ ದಪ್ಪದ ಹಲಗೆಯಲ್ಲಿ ಕೊರೆದ 5 ಮಿಲಿಮೀಟರಿನ ತೂತು. ತುದಿ ಹಿಡಿದು ಪೋಣಿಸಲು ಕೈಯಿಲ್ಲ, ನೋಡಲು ಕಣ್ಣಿಲ್ಲ. ಸಮಸ್ಯೆ ಇದು.

ಅಳೆಯುವ ಉಪಾಯ ಮಾತ್ರ ಹಳೆಯದು, ಸರಳವಾದದ್ದು. ಅಮೆರಿಕದ ವ್ಯಾಲೇಸ್ ಕೋಲ್ಟರ್ ಎಂಬವರು ರಕ್ತಕಣಗಳನ್ನು ಎಣಿಸಲು ಇದನ್ನು ಕಂಡುಹಿಡಿದು 1953ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಉಪ್ಪುನೀರಿನ ತೊಟ್ಟಿಯೊಂದಕ್ಕೆ ನಡುವೆ ಗೋಡೆ ಹಾಕಿ, ಗೋಡೆಯಲ್ಲಿ ಒಂದೇ ಒಂದು ತೂತು ಬಿಟ್ಟು, ಎರಡು ಕಡೆಗೂ ವಿದ್ಯುತ್ತಿನ ತಂತಿ ಇಳಿಬಿಡಿ. ಉಪ್ಪಿನ ಕಣಗಳು ತೂತಿನ ಮೂಲಕ ಹರಿದು ವಿದ್ಯುತ್ಪ್ರವಾಹವಾಗುತ್ತವೆ. ರಕ್ತಕಣವೊಂದು ತೂತಿಗೆ ಬಂದಾಗ ದಾರಿ ಇಕ್ಕಟ್ಟಾಗಿ ಪ್ರವಾಹ ಒಂದು ಕ್ಷಣ ತಗ್ಗುತ್ತದೆ, ದಾಟಿದ ಮೇಲೆ ಮತ್ತೆ ಏರುತ್ತದೆ. ಎಷ್ಟು ಸಲ ತಗ್ಗಿತೋ ಅಷ್ಟು ಕಣ. ಎಷ್ಟು ಆಳಕ್ಕೆ ತಗ್ಗಿತೋ ಅಷ್ಟು ದೊಡ್ಡ ಕಣ. ಕೋಲ್ಟರರ ಮೊದಲ ತೂತು ಸಿಗರೇಟಿನ ಪೊಟ್ಟಣದ ಹೊಳಪು ಹಾಳೆಯಲ್ಲಿ ಕಾಯಿಸಿದ ಸೂಜಿಯಿಂದ ಚುಚ್ಚಿದ್ದೆಂದು ಹೇಳುತ್ತಾರೆ. ಇಂದಿಗೂ ಆಸ್ಪತ್ರೆಗಳ ಅನೇಕ ರಕ್ತಪರೀಕ್ಷಾ ಯಂತ್ರಗಳು ಇದೇ ತತ್ತ್ವದ ಮೇಲೆ ನಡೆಯುತ್ತವೆ.

ನೂಲಿನ ಗಿರಣಿಯ ವೈಂಡಿಂಗ್ ಖಾತೆಯನ್ನು ಕಂಡವರಿಗೆ ಇನ್ನೂ ಹತ್ತಿರದ ಹೋಲಿಕೆಯೊಂದು ಸಿಕ್ಕುತ್ತದೆ. ಕೋನಿಗೆ ನೂಲು ಸುತ್ತುವ ಮುನ್ನ ಅದು ಕ್ಲಿಯರರ್ ಎಂಬ ಸಣ್ಣ ಸಂದಿಯಲ್ಲಿ ಹಾದುಹೋಗುತ್ತದೆ. ಯಾರೂ ನೂಲನ್ನು ಕಣ್ಣಿಟ್ಟು ನೋಡುವುದಿಲ್ಲ. ದಪ್ಪ ಎಳೆ ಬಂದರೆ ವಿದ್ಯುತ್ತಿನ ಗುರುತು ಒಂದು ಕಡೆ ವಾಲುತ್ತದೆ, ಸಣಕಲು ಎಳೆ ಬಂದರೆ ಇನ್ನೊಂದು ಕಡೆ. ಜೋಡಿ ನೂಲು ಸೇರಿಕೊಂಡರೆ ಎರಡರಷ್ಟು ವಾಲುತ್ತದೆ. ಡಿ.ಎನ್.ಎ.ಯ ಕಿಂಡಿಯಲ್ಲೂ ನಡೆಯುವುದು ಇದೇ.

ಇಲ್ಲಿ ಎಳೆಯನ್ನು ಎಳೆಯುವ ಕೈ ಕೂಡ ವಿದ್ಯುತ್ತೇ. ಡಿ.ಎನ್.ಎ.ಯ ಬೆನ್ನಿನ ಉದ್ದಕ್ಕೂ ಇರುವ ಫಾಸ್ಫೇಟುಗಳಿಂದಾಗಿ ಅದರ ಮೈಯೆಲ್ಲ ಋಣವಿದ್ಯುತ್ತು. ಗೋಡೆಯ ಒಂದು ಕಡೆ ಎಳೆಯನ್ನು ಬಿಟ್ಟು ಇನ್ನೊಂದು ಕಡೆ ಧನಾಗ್ರವನ್ನಿಟ್ಟರೆ ಅದು ತಾನಾಗಿ ಅತ್ತ ಹೋಗಲು ನೋಡುತ್ತದೆ. ಸುಮಾರು ಹತ್ತನೆಯ ಒಂದು ಪಾಲು ವೋಲ್ಟ್ ಸಾಕು. ಬ್ಯಾಟರಿ ದೀಪದ ಒಂದು ಸೆಲ್ಲಿನಲ್ಲಿ ಇದರ ಹದಿನೈದರಷ್ಟು ಇರುತ್ತದೆ. ಸಾಮಾನ್ಯವಾಗಿ ಬಳಸುವ ದ್ರಾವಣದಲ್ಲಿ ಲೀಟರಿಗೆ 75 ಗ್ರಾಂನಷ್ಟು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಉಪ್ಪಿರುತ್ತದೆ. ಸಾಧಾರಣ ಸಮುದ್ರದ ನೀರಿನಲ್ಲಿ ಎಲ್ಲ ಉಪ್ಪೂ ಸೇರಿ ಸುಮಾರು 35 ಗ್ರಾಂ.

ಎಳೆಯನ್ನು ಹೀಗೆ ಹಾಯಿಸಿ ಓದಬಹುದೆಂಬ ಯೋಚನೆಯನ್ನು ಅಮೆರಿಕದ ಡೇವಿಡ್ ಡೀಮರ್ 1989ರಲ್ಲಿ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಚಿತ್ರ ಬರೆದು ಗುರುತುಮಾಡಿಕೊಂಡರು. ಅದು ಕೈಗೂಡಿದ್ದು 1996ರಲ್ಲಿ. ಕಸಿಯನೋವಿಚ್, ಬ್ರಾಂಟನ್, ಡೀಮರ್ ಮೊದಲಾದವರು ಸೇರಿ ಪ್ರಕಟಿಸಿದರು. ಅವರು ತಾವಾಗಿ ತೂತು ಕೊರೆಯಲಿಲ್ಲ, ಪ್ರಕೃತಿಯಿಂದ ಸಾಲ ತಂದರು. ಕೀವು ಹುಣ್ಣು ಮಾಡುವ ಒಂದು ಬ್ಯಾಕ್ಟೀರಿಯ ನಮ್ಮ ರಕ್ತಕಣಗಳಿಗೆ ತೂತು ಹಾಕಲು ಒಂದು ಪ್ರೋಟೀನನ್ನು ಹೊರಬಿಡುತ್ತದೆ. ಅದರ ಅತಿ ಕಿರಿದಾದ ಜಾಗದ ಅಗಲ 1.4 ನ್ಯಾನೊಮೀಟರ್. ಎರಡು ಪುರಿಯ ಹುರಿ ಇದರಲ್ಲಿ ನುಸುಳದು. ಬಿಡಿಸಿದ ಒಂಟಿ ಪುರಿ ನುಸುಳುತ್ತದೆ. ನುಸುಳಿದಾಗ ಪ್ರವಾಹ ತಗ್ಗಿತು. ಎಳೆ ಉದ್ದವಾದಷ್ಟೂ ಹೆಚ್ಚು ಹೊತ್ತು ತಗ್ಗಿತು.

ಆದರೆ ಅಕ್ಷರ ಓದಲಾಗಲಿಲ್ಲ. ಕಾರಣವನ್ನು ಲೆಕ್ಕ ಹಾಕಿಯೇ ನೋಡಬಹುದು. ಇಂಥ ಕಿಂಡಿಯಲ್ಲಿ ಹರಿಯುವ ಪ್ರವಾಹ ಸುಮಾರು 100 ಪಿಕೊ ಆಂಪಿಯರ್, ಎಂದರೆ ಸೆಕೆಂಡಿಗೆ ಸುಮಾರು 62 ಕೋಟಿ ಉಪ್ಪಿನ ಕಣಗಳು. ಕೇಳಲು ಬಹಳವಾಯಿತು. ಆದರೆ ಒಂದು ಅಕ್ಷರ ಕಿಂಡಿಯನ್ನು ದಾಟಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೆರಡು ಪಾಲು ಮಾತ್ರ ತೆಗೆದುಕೊಂಡರೆ ಅಷ್ಟರಲ್ಲಿ ಹಾದುಹೋಗುವ ಕಣಗಳು ಆರು ನೂರೋ ಸಾವಿರವೋ. ಎ ಬಂದಾಗಲೂ ಸಿ ಬಂದಾಗಲೂ ಇರುವ ವ್ಯತ್ಯಾಸ ಅದರಲ್ಲಿ ಕೆಲವೇ ಹತ್ತು ಕಣಗಳಷ್ಟು. ಸುಮ್ಮನೆ ಇದ್ದಾಗಲೂ ಎಣಿಕೆ ಅಷ್ಟೇ ಹೆಚ್ಚುಕಡಮೆಯಾಗುತ್ತಿರುತ್ತದೆ. ರೈಲು ಓಡುತ್ತಿರುವಾಗ ಚಿಕ್ಕ ನಿಲ್ದಾಣದ ಹಲಗೆಯನ್ನು ಓದಲು ಹೋದಂತೆ.

ಪ್ರೋಟೀನಿನ ಕಿಂಡಿಗೆ ಇನ್ನೊಂದು ಕೊರತೆಯುಂಟು. ಅದನ್ನು ನೆಟ್ಟಿರುವ ಕೊಬ್ಬಿನ ಪೊರೆ ಸುಲಭವಾಗಿ ಹರಿಯುತ್ತದೆ. ಅಗಲವನ್ನೂ ಬೇಕಾದಂತೆ ಬದಲಾಯಿಸಲಾಗುವುದಿಲ್ಲ. ಆದುದರಿಂದ ಗಟ್ಟಿಯಾದ ಪದಾರ್ಥದಲ್ಲಿ ಕೃತಕ ಕಿಂಡಿ ಮಾಡುವ ಪ್ರಯತ್ನ ನಡೆಯಿತು. 2001ರಲ್ಲಿ ಹಾರ್ವರ್ಡಿನವರು ಸಿಲಿಕಾನ್ ನೈಟ್ರೈಡ್ ಎಂಬ ಗಟ್ಟಿ ತೆಳುಹಾಳೆಯಲ್ಲಿ ಅಯಾನುಗಳ ಕಿರಣದಿಂದ ಇದನ್ನು ಸಾಧಿಸಿದರು. 2003ರಲ್ಲಿ ಹಾಲೆಂಡಿನ ಡೆಲ್ಫ್ಟಿನವರು ಕಂಡದ್ದು ಇನ್ನೂ ಸ್ವಾರಸ್ಯದ್ದು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಿರಣವನ್ನು ತೂತಿನ ಮೇಲೆ ಬಿಟ್ಟಾಗ ಅದರ ಅಂಚು ಕರಗಿದ ಗಾಜಿನಂತೆ ಮೆತ್ತಗಾಗುತ್ತದೆ. ತೂತು ಹಾಳೆಯ ದಪ್ಪಕ್ಕಿಂತ ಸಾಕಷ್ಟು ಕಿರಿದಾಗಿದ್ದರೆ ತಾನಾಗಿ ಮುಚ್ಚಿಕೊಳ್ಳುತ್ತ ಬರುತ್ತದೆ, ದೊಡ್ಡದಿದ್ದರೆ ಇನ್ನೂ ತೆರೆದುಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ ಇದ್ದು, ಬೇಕಾದ ಅಳತೆ ಬಂದ ಕೂಡಲೆ ಕಿರಣವನ್ನು ನಿಲ್ಲಿಸಿದರಾಯಿತು. ಇಂಥ ಸೂಕ್ಷ್ಮದರ್ಶಕ ಕೋಟಿಗಟ್ಟಲೆ ಬೆಲೆಯದು. ಹೀಗಿರಲಾಗಿ 2014ರಲ್ಲಿ ಕೆನಡಾದ ಆಟವಾದವರು ತೋರಿಸಿದ ಹಾದಿ ಬಡವರ ಹಾದಿ: ಉಪ್ಪುನೀರಿನಲ್ಲಿ ಅದ್ದಿದ ಹಾಳೆಗೆ ಸ್ವಲ್ಪ ಹೆಚ್ಚಿನ ವೋಲ್ಟ್ ಕೊಟ್ಟು ಕಾಯುತ್ತ ಕೂತರೆ ಅದು ಒಂದೇ ಜಾಗದಲ್ಲಿ ತೂತು ಬೀಳುತ್ತದೆ. ಗಾಜಿನ ಸಪೂರ ಕೊಳವೆಯನ್ನು ನಡುವೆ ಕಾಯಿಸಿ ಎರಡು ಕಡೆಗೂ ಜಗ್ಗಿ, ತುದಿಯನ್ನು ಕಿಂಡಿಯಾಗಿ ಮಾಡಿಕೊಳ್ಳುವ ಕ್ರಮವೂ ಉಂಟು.

ಈ ಕೆಲಸ ನಮ್ಮ ನಾಡಿನಲ್ಲಿಯೂ ನಡೆಯುತ್ತಿದೆ. ಸರ್ ಸಿ. ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಗೌತಮ ಸೋನಿಯವರ ಪ್ರಯೋಗಾಲಯವೂ, ಭಾರತೀಯ ವಿಜ್ಞಾನ ಮಂದಿರದ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಮನೋಜ್ ವರ್ಮರ ತಂಡವೂ ಕೃತಕ ಕಿಂಡಿಗಳ ಮೇಲೆ ಕೆಲಸ ಮಾಡುತ್ತವೆ. ಅದೇ ಮಂದಿರದ ಪ್ರಬಲ ಮೈತಿಯವರು ಗಣಕಯಂತ್ರದಲ್ಲಿ ಲೆಕ್ಕ ಹಾಕಿ, ಡಿ.ಎನ್.ಎ.ಯ ಎಳೆಗಳನ್ನೇ ಹೆಣೆದು ಕೊಳವೆಯಾಗಿಸಿದರೆ ಅದೂ ಒಂದು ಕಿಂಡಿಯಾಗಬಲ್ಲುದೇ ಎಂಬುದನ್ನು ಪರಿಶೀಲಿಸಿದ್ದಾರೆ.

ಗಟ್ಟಿ ಕಿಂಡಿಯಲ್ಲಿ ಹುರಿ ಹೇಗೆ ಹಾಯುತ್ತದೆ? ವಿದ್ಯುತ್ತಿನ ಸೆಳೆತ ಇರುವುದು ಕಿಂಡಿಯಲ್ಲಿ ಮತ್ತು ಅದರ ಬಾಯ ಹತ್ತಿರ ಮಾತ್ರ. ದೂರದಲ್ಲಿರುವ ಗೋಜಲು ನೀರಿನ ಅಣುಗಳ ಗುದ್ದಿಗೆ ಸಿಕ್ಕಿ ಗುರಿಯಿಲ್ಲದೆ ಅಲೆಯುತ್ತಿರುತ್ತದೆ. ಅಲೆದು ಅಲೆದು ಬಾಯ ಹತ್ತಿರ ಬಂದರೆ ಸೆಳೆತಕ್ಕೆ ಸಿಕ್ಕುತ್ತದೆ. ಆಗಲೂ ತುದಿಯೇ ಮೊದಲು ಹೋಗಬೇಕೆಂಬ ನಿಯಮವಿಲ್ಲ. ಹಲವು ವೇಳೆ ನಡುವಿನ ಮಡಿಕೆಯೇ ಮುಂದಾಗಿ ನುಗ್ಗುತ್ತದೆ. ಆಗ ಕಿಂಡಿಯಲ್ಲಿ ಜೋಡಿ ಹುರಿ ಇರುವುದರಿಂದ ಪ್ರವಾಹ ಎರಡರಷ್ಟು ತಗ್ಗಿ, ಮಡಿಕೆ ಬಿಚ್ಚಿದ ಮೇಲೆ ಒಂದರಷ್ಟಕ್ಕೆ ಬರುತ್ತದೆ. ಕಾಗದದ ಮೇಲಿನ ಗೀಟನ್ನು ನೋಡಿಯೇ ಹುರಿ ಮಡಿಚಿ ಹೋಯಿತೋ ನೆಟ್ಟಗೆ ಹೋಯಿತೋ ಎಂದು ಹೇಳಬಹುದು.

ಉದ್ದ ಎರಡರಷ್ಟಾದರೆ ಹಾಯುವ ಹೊತ್ತೂ ಎರಡರಷ್ಟಾಗಬೇಕೆಂದು ನಾವು ಎಣಿಸುವೆವು. ಡೆಲ್ಫ್ಟಿನವರು 2005ರಲ್ಲಿ ಅಳೆದಾಗ ಹೆಚ್ಚುಕಡಮೆ 2.4ರಷ್ಟು ಬಂತು. ಕಿಂಡಿಯಲ್ಲಿರುವ ತುಂಡನ್ನು ಎಳೆಯುವುದಷ್ಟೇ ಅಲ್ಲ, ಹಿಂದೆ ಉಳಿದ ಗೋಜಲನ್ನೂ ನೀರಿನ ತಡೆಗೆ ಎದುರಾಗಿ ಎಳೆಯಬೇಕಲ್ಲವೆ? ಬಾವಿಯ ಹಗ್ಗವನ್ನು ಕೆಸರಿನೊಳಗಿಂದ ಎಳೆದವರಿಗೆ ಇದು ಗೊತ್ತು. ಇನ್ನೊಂದು ಬೆರಗು: ಉಪ್ಪು ಹೆಚ್ಚಿದ್ದಾಗ ಹುರಿ ಬಂದರೆ ಪ್ರವಾಹ ತಗ್ಗುತ್ತದೆ ಎಂದೆವು. ಉಪ್ಪನ್ನು ಬಹಳ ಕಡಮೆ ಮಾಡಿದರೆ ಪ್ರವಾಹ ತಗ್ಗುವ ಬದಲು ಏರುತ್ತದೆ! ಋಣವಿದ್ಯುತ್ತಿನ ಹುರಿ ತನ್ನ ಮೈಸುತ್ತ ಧನಕಣಗಳನ್ನು ಅಂಟಿಸಿಕೊಂಡು ಬರುತ್ತದೆ. ಬಡ ದ್ರಾವಣದಲ್ಲಿ ಅದು ಅಡ್ಡ ಹಾಕಿದ್ದಕ್ಕಿಂತ ಹೊತ್ತು ತಂದದ್ದೇ ಹೆಚ್ಚಾಗುತ್ತದೆ.

ಆದರೆ ಈ ಹುರಿಯ ವೇಗ ಒಂಟಿ ಪುರಿಯ ವೇಗವನ್ನೂ ಮೀರಿಸುತ್ತದೆ. ಲ್ಯಾಂಬ್ಡಾದ 48,502 ಜೋಡಿಗಳೂ ಒಂದೆರಡು ಮಿಲಿಸೆಕೆಂಡಿನಲ್ಲಿ ದಾಟಿಬಿಡುತ್ತವೆ. ಸೆಕೆಂಡಿಗೆ ಸುಮಾರು ಮೂರು ಕೋಟಿ ಅಕ್ಷರದ ಲೆಕ್ಕವಾಯಿತು. ಇದಲ್ಲದೆ 20 ನ್ಯಾನೊಮೀಟರ್ ದಪ್ಪದ ಹಾಳೆಯ ಕಿಂಡಿಯೊಳಗೆ ಒಂದೇ ಸಲಕ್ಕೆ ಅರವತ್ತರಷ್ಟು ಅಕ್ಷರಗಳು ಕೂತಿರುತ್ತವೆ. ಅರವತ್ತು ಜನ ಒಟ್ಟಿಗೆ ಕೂಗಿದರೆ ಒಬ್ಬರ ಮಾತು ಕೇಳಿಸೀತೆ? ಒಂದೇ ಪರಮಾಣುವಿನ ದಪ್ಪದ ಗ್ರಾಫೀನ್ ಹಾಳೆಯಲ್ಲಿ ತೂತು ಮಾಡಿ 2010ರಲ್ಲಿ ಮೂರು ತಂಡಗಳು ಡಿ.ಎನ್.ಎ.ಯನ್ನು ಹಾಯಿಸಿದವು. ಆದರೂ ವೇಗದ ತೊಡಕು ಉಳಿದೇ ಇದೆ. ಆದುದರಿಂದ ಅಕ್ಷರ ಓದಲು ಇಂದು ಮಾರಾಟದಲ್ಲಿರುವ ಯಂತ್ರಗಳು ಪ್ರೋಟೀನಿನ ಕಿಂಡಿಯನ್ನೇ ಬಳಸುತ್ತವೆ. ಗಟ್ಟಿ ಕಿಂಡಿಗಳಿಗೆ ಬೇರೆ ಉಪಯೋಗಗಳಿವೆ. ನಮ್ಮ ಜೀವಕೋಶದೊಳಗೆ ಎರಡು ಮೀಟರ್ ಉದ್ದದ ಡಿ.ಎನ್.ಎ. ಕಂಡಿಕೆಗೆ ನೂಲು ಸುತ್ತಿದಂತೆ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಇಂಥ ಸುತ್ತಿದ ಉಂಡೆಯೂ ಬರಿಯ ಹುರಿಯೂ ಹಾಯುವಾಗ ಬೇರೆ ಬೇರೆ ಗುರುತು ಬೀಳುವುದನ್ನು ಸೋನಿಯವರು ಡೆಲ್ಫ್ಟಿನ ಸೇಸ್ ಡೆಕ್ಕರರೊಡನೆ 2012ರಲ್ಲಿ ತೋರಿಸಿದರು. ಅವರ ಬೆಂಗಳೂರಿನ ಪ್ರಯೋಗಾಲಯದವರು ಇನ್ನೂ ದೊಡ್ಡ ಕಿಂಡಿಯಲ್ಲಿ ರಕ್ತಕಣಗಳನ್ನು ಹಾಯಿಸಿ, ಮದ್ಯಸಾರ ತಗುಲಿದಾಗ ಕೆಂಪು ಕಣದ ಗಾತ್ರ ಕುಗ್ಗುವುದನ್ನು ಅಳೆದು 2021ರಲ್ಲಿ ಪ್ರಕಟಿಸಿದ್ದಾರೆ. ಸಂಬಳದ ದಿನ ವಾಚನಾಲಯದ ದಾರಿ ಬಿಟ್ಟು ಬೇರೆ ದಾರಿ ಹಿಡಿಯುವ ಮಿತ್ರರು ಇದನ್ನು ಗಮನಿಸಬಹುದು.

ಓದಬೇಕಾದರೆ ವೇಗಕ್ಕೆ ಕಡಿವಾಣ ಬೇಕು. ದ್ರಾವಣವನ್ನು ತಣ್ಣಗೆ ಮಾಡಿ ನೋಡಿದರು, ಮಂದ ಮಾಡಿ ನೋಡಿದರು, ಲಿಥಿಯಂ ಉಪ್ಪು ಹಾಕಿ ನೋಡಿದರು. ವೇಗ ತಗ್ಗಿತು, ಸಾಕಾಗಲಿಲ್ಲ. ಕೊನೆಗೆ ನೆರವಾದದ್ದು ಜೀವಕೋಶದಲ್ಲೇ ಇರುವ ಒಂದು ಕೆಲಸಗಾರ. ಡಿ.ಎನ್.ಎ.ಯನ್ನು ನಕಲು ಮಾಡುವ ಕಿಣ್ವ ಎಳೆಯ ಮೇಲೆ ಒಂದೊಂದೇ ಅಕ್ಷರ ಹೆಜ್ಜೆಯಿಡುತ್ತ ಸಾಗುತ್ತದೆ. ಅದನ್ನು ಕಿಂಡಿಯ ಬಾಯಲ್ಲಿ ಕೂರಿಸಿದರೆ ಎಳೆ ಅದರ ಹಿಡಿತ ತಪ್ಪಿಸಿಕೊಂಡು ಓಡಲಾರದು; ಅದು ಬಿಟ್ಟಷ್ಟೇ ಮುಂದೆ ಹೋಗಬೇಕು. 2012ರಲ್ಲಿ ಅಮೆರಿಕದ ಎರಡು ತಂಡಗಳು ಇದನ್ನು ಮಾಡಿ ತೋರಿಸಿದವು. ಅವುಗಳಲ್ಲಿ ಸಿಯಾಟಲಿನವರು ಬಳಸಿದ ಕಿಂಡಿ ಎಲ್ಲಿಯದೆಂದರೆ ಕ್ಷಯದ ಕ್ರಿಮಿಯ ದಾಯಾದಿಯಾದ, ಆದರೆ ಸಾಧುವಾದ ಇನ್ನೊಂದು ಬ್ಯಾಕ್ಟೀರಿಯದ ಮೈಮೇಲಿನದು!

ಈಗಿನ ಯಂತ್ರಗಳಲ್ಲಿ ಇದೇ ಬಗೆಯ ಕಿಣ್ವವೊಂದು ಸೆಕೆಂಡಿಗೆ 400ರಿಂದ 450 ಅಕ್ಷರಗಳಂತೆ ಬಿಡುತ್ತದೆ. ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿದರೆ, ಒಂದು ಅಕ್ಷರಕ್ಕೆ ಆರು ನೂರು ಕಣಗಳ ಬದಲು ಹದಿನಾಲ್ಕು ಹದಿನೈದು ಲಕ್ಷ ಕಣಗಳು ಎಣಿಕೆಗೆ ಸಿಕ್ಕುತ್ತವೆ. ಆದರೂ ಕಿಂಡಿಯ ಇಕ್ಕಟ್ಟಿನಲ್ಲಿ ಒಂದೇ ಅಕ್ಷರ ಇರುವುದಿಲ್ಲ. ಐದು ಇವೆಯೆಂದು ಹಿಡಿದರೆ ನಾಲ್ಕು ಅಕ್ಷರಗಳಿಂದ ಆಗುವ ಐದಕ್ಷರದ ಪದಗಳು 1,024. ಇವುಗಳಲ್ಲಿ ಯಾವುದು ಯಾವ ಗುರುತು ಬಿಡುತ್ತದೆಂದು ಕಲಿತ ಗಣಕಯಂತ್ರ ಅವುಗಳನ್ನು ಬಿಡಿಸಿ ಹೇಳುತ್ತದೆ. ಎಎಎಎಎಎಎ ಎಂದು ಒಂದೇ ಅಕ್ಷರ ಸಾಲಾಗಿ ಬಂದರೆ ಗುರುತು ಬದಲಾಗದೆ ಎಣಿಕೆ ತಪ್ಪುತ್ತದೆ. ಆದುದರಿಂದ ಅದೇ ಭಾಗವನ್ನು ಬೇರೆ ಬೇರೆ ಪ್ರತಿಗಳಲ್ಲಿ ಹತ್ತಾರು ಸಲ ಓದಿ ತಾಳೆ ನೋಡುತ್ತಾರೆ. ಗುಮಾಸ್ತೆಯ ಕೆಲಸವೇ ಸರಿ.

ಅಂಗೈಯಗಲದ ಇಂಥ ಯಂತ್ರವನ್ನು 2015ರಲ್ಲಿ ಆಫ್ರಿಕದ ಗಿನಿ ದೇಶಕ್ಕೆ ಪೆಟ್ಟಿಗೆಯಲ್ಲಿ ಹೊತ್ತುಕೊಂಡು ಹೋಗಿ, ಎಬೋಲಾ ಜ್ವರದ ವೈರಸ್ಸು ಒಬ್ಬರಿಂದೊಬ್ಬರಿಗೆ ಹರಡಿದ ದಾರಿಯನ್ನು ಅಲ್ಲಿಯೇ ಓದಿದರು. 2022ರಲ್ಲಿ ಮನುಷ್ಯನ ಡಿ.ಎನ್.ಎ. ಬರಹದಲ್ಲಿ ಅಲ್ಲಿಯವರೆಗೆ ಖಾಲಿ ಉಳಿದಿದ್ದ ಭಾಗಗಳನ್ನು ತುಂಬಲು ಉದ್ದುದ್ದದ ಎಳೆಗಳ ಈ ಓದು ನೆರವಾಯಿತು. ನಿಮ್ಮ ಡಿ.ಎನ್.ಎ. ನೋಡಿ ಮಗುವಿನ ಬುದ್ಧಿಯನ್ನೂ ಭಾಗ್ಯವನ್ನೂ ಹೇಳುತ್ತೇವೆಂದು ಹಣ ಕೇಳುವ ಜಾಹಿರಾತುಗಳಿಗೂ ಈ ವಿದ್ಯೆಗೂ ಸಂಬಂಧವಿಲ್ಲ. ಅಕ್ಷರ ಓದುವುದು ಬೇರೆ, ಹಣೆಬರಹ ಓದುವುದು ಬೇರೆ.

ಕ್ಷಯದ ವಿಚಾರಕ್ಕೆ ಬಂದರೆ, 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಔಷಧಕ್ಕೆ ಬಗ್ಗದ ಕ್ಷಯವನ್ನು ಪತ್ತೆಹಚ್ಚಲು ಕ್ರಿಮಿಯ ಡಿ.ಎನ್.ಎ.ಯ ಆಯ್ದ ಭಾಗಗಳನ್ನು ಓದುವ ಪರೀಕ್ಷೆಗಳನ್ನು ತಮ್ಮ ಮಾರ್ಗಸೂಚಿಯಲ್ಲಿ ಸೇರಿಸಿದರು. ಅವುಗಳಲ್ಲಿ ಒಂದು ಕಿಂಡಿಯ ಮೂಲಕ ಓದುವಂಥದು. ರಿಫಾಂಪಿಸಿನ್, ಐಸೊನಿಯಜಿಡ್ ಮೊದಲಾದ ಹಲವು ಔಷಧಗಳ ವಿಚಾರವನ್ನು ಒಂದೇ ಕಫದ ಮಾದರಿಯಿಂದ, ಕ್ರಿಮಿಯನ್ನು ಬೆಳೆಸದೆ, ವಾರಗಳ ಬದಲು ಕೆಲವು ದಿನಗಳೊಳಗೆ ತಿಳಿಸಬಲ್ಲುದು. ಕಫದಿಂದ ಕ್ರಿಮಿಯ ಎಳೆಯನ್ನು ಬೇರ್ಪಡಿಸಲು, ಅದರ ಪ್ರತಿಗಳನ್ನು ಹೆಚ್ಚಿಸಲು ಒಳ್ಳೆಯ ಪ್ರಯೋಗಾಲಯವೂ ನುರಿತ ಕೈಯೂ ಬೇಕಾದ್ದರಿಂದ ಇದು ಪ್ರತಿ ಊರಿನ ಆಸ್ಪತ್ರೆಯಲ್ಲಿ ದೊರೆಯುವಂಥದಲ್ಲ. ಅಲ್ಲಿಯವರೆಗೆ ಎರಡು ವಾರ ಮೀರಿದ ಕೆಮ್ಮಿರುವವರು ಸರಕಾರಿ ಆಸ್ಪತ್ರೆಯಲ್ಲಿ ಕಫ ಕೊಡಬಹುದು. ಪರೀಕ್ಷೆಗೂ ಔಷಧಕ್ಕೂ ಅಲ್ಲಿ ದುಡ್ಡಿಲ್ಲ. ಕ್ಷಯವೆಂದು ಗೊತ್ತಾದರೆ, ಔಷಧ ನಾಟುತ್ತದೆಯೇ ಎಂಬ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಬಹುದು. ತೆಲುಗು ಬಾರದವರು ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋದರೆ ಅನುಕೂಲ.